ಕ್ರೆಡಿಟ್ ಕಾರ್ಡ್ ತೆಗೆಯುವ ಮೊದಲು ನಮ್ಮ ದುಡ್ಡು ಯಾವಾಗ ಬರ್ತದೆ ಅಂತ ನೋಡೋಣ

ಘಟ್ಟದ ಮೇಲೆ, ಚಳ್ಳಕೆರೆ ಮೊಳಕಾಲ್ಮೂರು ಕಡೆ ಮದ್ರಸದಲ್ಲಿ ಕಲಿಸುವ ನಮ್ಮಂಥವರ ಹತ್ತಿರ ಜನ ಕೇಳುವ ಪ್ರಶ್ನೆಗಳು ಈಗ ಬದಲಾಗಿವೆ. ಮೊದಲು ಝಕಾತ್ ಎಷ್ಟು, ಮಗುವಿಗೆ ಯಾವ ಹೆಸರಿಡಬಹುದು, ಪ್ರಯಾಣದಲ್ಲಿ ನಮಾಝ್ ಹೇಗೆ ಅಂತ ಕೇಳುತ್ತಿದ್ದರು. ಈಗ ಇಶಾ ಮುಗಿಸಿ ಚಪ್ಪಲಿ ಹಾಕುವ ಹೊತ್ತಿಗೆ ಒಬ್ಬರು ಮೊಬೈಲ್ ಮುಂದೆ ಹಿಡಿಯುತ್ತಾರೆ. ಅದರಲ್ಲಿ ಒಂದು ಮೆಸೇಜ್, ಇಷ್ಟು ಸಾವಿರ ಲಿಮಿಟ್ಟಿನ ಕಾರ್ಡ್ ನಿಮಗೆ ಮಂಜೂರಾಗಿದೆ ಅಂತ. ಕರಾವಳಿಯಿಂದ ಬಂದು ಇಲ್ಲಿ ಬೇಕರಿ ಇಟ್ಟವರು "ಉಸ್ತಾದರೇ, ಇದು ಹರಾಮಾ ಹಲಾಲಾ?" ಅಂತ ಕೇಳುತ್ತಾರೆ. ಇಲ್ಲಿಯವರೇ ಆದ ದಖನಿ ಮಾತಾಡುವ ಜನ "ಹಜ್ರತ್, ಐವತ್ತು ದಿನ ಬಡ್ಡಿ ಇಲ್ಲ ಅಂತಾರೆ. ಮತ್ತೆ ತಪ್ಪೆಲ್ಲೈತೆ?" ಅಂತ ಕೇಳುತ್ತಾರೆ. ಯಾವ ಬ್ಯಾಂಕಿನದ್ದು ಒಳ್ಳೇದು ಅಂತ ಕೇಳುವವರೂ ಉಂಟು. ಅದಕ್ಕೆ ನಾವೇನು ಏಜೆಂಟರಾ ಮಾರಾಯ್ರೇ!

ಆದರೆ ಕೇಳಿದವರಿಗೆ ಏನಾದರೂ ಹೇಳಬೇಕಲ್ಲ. ಹಾಗಾಗಿ ಕಾರ್ಡಿನ ಷರತ್ತಿನ ಹಾಳೆಗಳನ್ನು ಓದಿ, ಲೆಕ್ಕ ಗೊತ್ತಿದ್ದವರ ಜೊತೆ ಕುಳಿತು ನಮಗೆ ಅರ್ಥವಾದದ್ದನ್ನು ಇಲ್ಲಿ ಬರೆಯುತ್ತಿದ್ದೇವೆ. ಯಾವ ಕಾರ್ಡ್ ಅನ್ನುವ ಪ್ರಶ್ನೆಗಿಂತ ಮೊದಲು ಬರಬೇಕಾದ ಪ್ರಶ್ನೆ ಬೇರೊಂದಿದೆ: ನಮ್ಮ ಕೈಗೆ ದುಡ್ಡು ಯಾವಾಗ ಬರ್ತದೆ?

ಕ್ರೆಡಿಟ್ ಕಾರ್ಡನ್ನು ಮಾಡಿರುವುದು ತಿಂಗಳ ಸಂಬಳದವರಿಗಾಗಿ. ಬಿಲ್ಲು ತಿಂಗಳಿಗೊಮ್ಮೆ ಬರ್ತದೆ, ಕಟ್ಟುವ ಕೊನೇ ದಿನವೂ ತಿಂಗಳಿಗೊಮ್ಮೆ. ಚಳ್ಳಕೆರೆ ಹತ್ತಿರ ಕುದಾಪುರದ ಕಡೆ ವಿಜ್ಞಾನ ಸಂಸ್ಥೆಗಳಲ್ಲಿ ಕೆಲಸ ಮಾಡುವವರಿಗೆ ಇದು ಹೊಂದಬಹುದು. ಒಂದನೇ ತಾರೀಕಿಗೆ ಸಂಬಳ, ಐದಕ್ಕೆ ಬಿಲ್ಲು. ನಮ್ಮ ಮಸೀದಿಗೆ ಬರುವವರಲ್ಲಿ ಅಂಥವರು ಎಷ್ಟು ಜನ? ಶೇಂಗಾ ಬೆಳೆಯುವವನಿಗೆ ದುಡ್ಡು ಬರುವುದು ವರ್ಷಕ್ಕೊಮ್ಮೆ, ಅದೂ ಮಳೆ ಕೈಕೊಡದಿದ್ದರೆ. ಈ ಸೀಮೆಯ ಮಳೆಯ ಹಣೆಬರಹ ಎಲ್ಲರಿಗೂ ಗೊತ್ತು. ಎಣ್ಣೆ ಗಿರಣಿಗಳಿಂದಾಗಿ ಚಳ್ಳಕೆರೆಗೆ ಎಣ್ಣೆ ನಗರ ಅಂತ ಹೆಸರು, ಎರಡನೇ ಮುಂಬೈ ಅಂತಲೂ ಕರೆದವರಿದ್ದಾರೆ. ಆದರೆ ಗಿರಣಿಯ ಹಮಾಲಿಗೆ ಕೂಲಿ ಸಿಗುವುದು ಮಾಲು ಬಂದ ದಿನ. ಮೊಳಕಾಲ್ಮೂರಿನ ರೇಷ್ಮೆ ಸೀರೆಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ, ಹೆಸರು ದೊಡ್ಡದು. ಮಗ್ಗದ ಮೇಲೆ ಕುಳಿತವನಿಗೆ ಸೀರೆ ಇಳಿದ ಮೇಲೆಯೇ ಮಜೂರಿ. ಮದುವೆಯ ಹಂಗಾಮು ಕಳೆದು ಆಷಾಢ ಬಂತೆಂದರೆ ಸೀರೆ ಕೇಳುವವರಿಲ್ಲ.

ಬ್ಯಾಂಕಿನ ತಾರೀಕಿಗೆ ಆಷಾಢ ಗೊತ್ತಿಲ್ಲ.

ನಮ್ಮ ಉದ್ರಿ ಪುಸ್ತಕವನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಕಿರಾಣಿ ಅಂಗಡಿಯವನು ಶೇಂಗಾ ಮಾರಿದ ಮೇಲೆ ಕೊಡು ಅಂತ ಬರೆದುಕೊಳ್ಳುತ್ತಾನೆ. ಮಳೆ ಹೋದ ವರ್ಷ ಅವನೂ ಗೊಣಗುತ್ತಾನೆ, ಬೈಯುತ್ತಾನೆ, ಆದರೂ ಕಾಯುತ್ತಾನೆ. ಉದ್ರಿಯನ್ನು ಹೊಗಳಬೇಕು ಅಂತಲ್ಲ. ಅದರಲ್ಲಿ ಮೋಸವೂ ಉಂಟು, ಮಾಲಿನ ರೇಟಿನಲ್ಲೇ ಸೇರಿಸಿ ತೆಗೆಯುವವರೂ ಇದ್ದಾರೆ. ಆದರೆ ಆ ಸಾಲ ಕೊಟ್ಟವನಿಗೆ ನಮ್ಮ ಬೆಳೆ ಯಾವುದು ಅಂತ ಗೊತ್ತಿರ್ತದೆ.

ಈಗ "ಐವತ್ತು ದಿನ ಬಡ್ಡಿ ಇಲ್ಲ" ಅನ್ನುವ ಮಾತಿಗೆ ಬರೋಣ. ಅದು ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ನಿಮ್ಮ ಬಿಲ್ಲು ಪ್ರತಿ ತಿಂಗಳು 15ಕ್ಕೆ ತಯಾರಾಗ್ತದೆ, ಕಟ್ಟಲು ಮುಂದಿನ ತಿಂಗಳ 4ರವರೆಗೆ ಸಮಯ ಅಂತ ಇಟ್ಟುಕೊಳ್ಳಿ. ಜೂನ್ 16ಕ್ಕೆ ಸಾಮಾನು ತೆಗೆದರೆ ಅದು ಜುಲೈ 15ರ ಬಿಲ್ಲಿಗೆ ಹೋಗ್ತದೆ, ಆಗಸ್ಟ್ 4ಕ್ಕೆ ಕಟ್ಟಿದರೆ ಸಾಕು. ಹತ್ತಿರ ಹತ್ತಿರ ಐವತ್ತು ದಿನ ಆಯ್ತು. ಅದೇ ಸಾಮಾನನ್ನು ಜುಲೈ 14ಕ್ಕೆ ತೆಗೆದರೆ ಇಪ್ಪತ್ತೊಂದೇ ದಿನ. ಅಂಗಡಿಯವರು ಹೇಳುವ ಐವತ್ತು ದಿನ ಎಲ್ಲ ಸಾಮಾನಿಗೂ ಸಿಗುವುದಿಲ್ಲ.

ಇನ್ನೊಂದು ಷರತ್ತು ಇದಕ್ಕಿಂತ ದೊಡ್ಡದು. ಹಿಂದಿನ ಬಿಲ್ಲನ್ನು ಪೂರ್ತಿ ಕಟ್ಟಿದ್ದರೆ ಮಾತ್ರ ಈ ಬಡ್ಡಿ ಇಲ್ಲದ ದಿನಗಳು. ಸ್ವಲ್ಪ ಉಳಿಸಿಕೊಂಡರೂ ಆ ಸೌಲಭ್ಯ ಹೋಯಿತು. ಬಡ್ಡಿ ಬೀಳುವುದು ಕಟ್ಟುವ ಕೊನೇ ದಿನದಿಂದಲ್ಲ, ಸಾಮಾನು ತೆಗೆದ ದಿನದಿಂದ. ಆಮೇಲೆ ಹೊಸದಾಗಿ ಕಾರ್ಡ್ ಉಜ್ಜಿದ್ದಕ್ಕೂ ಅದೇ ದಿನದಿಂದ ಬಡ್ಡಿ.

ಬಿಲ್ಲಿನಲ್ಲಿ ಎರಡು ಅಂಕಿ ಇರ್ತದೆ. ಒಂದು ಒಟ್ಟು ಬಾಕಿ, ಇನ್ನೊಂದು ಮಿನಿಮಮ್ ಡ್ಯೂ ಅಂತ ಚಿಕ್ಕ ಅಂಕಿ. ನಮ್ಮ ಜನ ಬೀಳುವುದು ಆ ಚಿಕ್ಕ ಅಂಕಿಯ ಗುಂಡಿಗೆ. ಮೊಳಕಾಲ್ಮೂರಿನ ಒಬ್ಬ ನೇಕಾರ ನಮ್ಮ ಹತ್ತಿರ ಹೇಳಿದ್ದು: "ಹಜ್ರತ್, ಎರಡು ಸಾವಿರ ಕಟ್ಟಿದ್ರೆ ಸಾಕು ಅಂತ ಅದ್ರಾಗೇ ಬರ್ದವ್ರೆ, ನಾನು ಒಂದು ತಿಂಗ್ಳೂ ತಪ್ಸಿಲ್ಲ." ಹೌದು, ತಪ್ಪಿಸಿಲ್ಲ. ಲೆಕ್ಕ ಮಾತ್ರ ಕುಳಿತು ಮಾಡಿರಲಿಲ್ಲ.

ಮಾಡಿ ನೋಡೋಣ. ಬಾಕಿ 40,000 ರೂಪಾಯಿ, ಮಿನಿಮಮ್ 2,000. ಕಾರ್ಡಿನ ಬಡ್ಡಿ ತಿಂಗಳಿಗೆ ಶೇ. 3.5ರ ಆಸುಪಾಸು, ಕೆಲವು ಕಾರ್ಡುಗಳಲ್ಲಿ ಅದಕ್ಕಿಂತ ಜಾಸ್ತಿ. 40,000ಕ್ಕೆ 3.5 ಅಂದರೆ 1,400. ಆ ಬಡ್ಡಿಯ ಮೇಲೆ ಶೇ. 18 ಜಿಎಸ್‌ಟಿ ಬೇರೆ, ಅದು 252. ಒಟ್ಟು 1,652. ನೀವು ಕಟ್ಟಿದ 2,000ದಲ್ಲಿ ಅಸಲಿಗೆ ಹೋದದ್ದು 348 ರೂಪಾಯಿ ಮಾತ್ರ. ಹೀಗೆ ಒಂದೂ ಹೊಸ ಸಾಮಾನು ತೆಗೆಯದೆ, ಒಂದು ವರ್ಷ ತಪ್ಪದೆ ತಿಂಗಳಿಗೆ 2,000 ಕಟ್ಟಿದರೆ ಕಟ್ಟಿದ್ದು 24,000 ಆಯ್ತು. ಸಾಲ ಇಳಿದದ್ದು ಸುಮಾರು 5,300. ಇನ್ನೂ 34,700 ಬಾಕಿ ನಿಂತಿರ್ತದೆ.

ತಿಂಗಳಿಗೆ ಮೂರೂವರೆ ಅಂದಾಗ ಕೇಳುವವರಿಗೆ ಸಣ್ಣದು ಅನಿಸ್ತದೆ. ವರ್ಷಕ್ಕೆ ಅದು ಶೇ. 42. ನಾವು ಮಿಂಬರಿನಿಂದ ಬೈಯುವ ಊರಿನ ಬಡ್ಡಿ ವ್ಯಾಪಾರಿಗಳಲ್ಲಿ ನೂರಕ್ಕೆ ಮೂರು ತೆಗೆಯುವವನ ದರ ಇದಕ್ಕಿಂತ ಕಡಿಮೆ! ಇದಕ್ಕೆ ಮಿತಿ ಇಲ್ಲವಾ ಅಂತ ಕೇಳಬಹುದು. 2008ರಲ್ಲಿ ರಾಷ್ಟ್ರೀಯ ಗ್ರಾಹಕ ಆಯೋಗ ವರ್ಷಕ್ಕೆ ಶೇ. 30ಕ್ಕಿಂತ ಹೆಚ್ಚು ಬಡ್ಡಿ ಹಾಕುವುದು ಅನ್ಯಾಯದ ವ್ಯಾಪಾರ ಅಂತ ಹೇಳಿತ್ತು. ಬ್ಯಾಂಕುಗಳು ಸುಪ್ರೀಂ ಕೋರ್ಟಿಗೆ ಹೋದವು. 2024ರ ಡಿಸೆಂಬರ್ 20ರಂದು ಸುಪ್ರೀಂ ಕೋರ್ಟು ಆ ಆದೇಶವನ್ನು ರದ್ದು ಮಾಡಿತು. ಹಾಗಾಗಿ ಶೇ. 30ರ ಆ ಗೆರೆ ಈಗ ಇಲ್ಲ.

ಕಾರ್ಡಿನಿಂದ ಎಟಿಎಂನಲ್ಲಿ ನಗದು ತೆಗೆಯಬಹುದಾ ಅಂತಲೂ ಕೇಳುತ್ತಾರೆ. ತೆಗೆಯಲು ಆಗ್ತದೆ, ಆದರೆ ಬೇಡ. ನಗದಿಗೆ ಒಂದು ದಿನದ ರಿಯಾಯಿತಿಯೂ ಇಲ್ಲ, ತೆಗೆದ ದಿನದಿಂದಲೇ ಬಡ್ಡಿ, ಮೇಲೆ ಶುಲ್ಕ. ಇದನ್ನು ತಪ್ಪಿಸಲು ಪೇಟೆಯಲ್ಲಿ ಇನ್ನೊಂದು ಉಪಾಯ ನಡೀತಾ ಉಂಟು. ಅಂಗಡಿಯಲ್ಲಿ ಸಾಮಾನು ತೆಗೆದ ಹಾಗೆ ಕಾರ್ಡ್ ಉಜ್ಜುವುದು, ಅಂಗಡಿಯವನು ನೂರಕ್ಕೆ ಎರಡೋ ಮೂರೋ ಹಿಡಿದುಕೊಂಡು ನಗದು ಕೊಡುವುದು. ಒಂದು ಕಾರ್ಡಿನ ಬಿಲ್ಲು ಕಟ್ಟಲು ಇನ್ನೊಂದನ್ನು ಉಜ್ಜುವುದು. ನಡೆಯದ ವ್ಯಾಪಾರಕ್ಕೆ ಬಿಲ್ಲು ಹಾಕುವುದು ಕಾರ್ಡಿನ ನಿಯಮಕ್ಕೂ ವಿರುದ್ಧ, ಶರೀಅತ್ತಿಗೂ ವಿರುದ್ಧ. ಹಿಡಿದುಕೊಳ್ಳುವ ಆ ಎರಡು ಮೂರು ರೂಪಾಯಿಗೆ ಕಮಿಷನ್ ಅಂತ ಹೆಸರಿಟ್ಟ ಮಾತ್ರಕ್ಕೆ ಅದು ಬೇರೆಯಾಗುವುದಿಲ್ಲ. ನಮ್ಮ ಅಂಗಡಿಯವರಲ್ಲಿ ಇದನ್ನು ಮಾಡುವವರಿದ್ದರೆ ಈ ಮಾತು ಅವರಿಗೂ ಸೇರಿತು.

ಹರಾಮಾ ಹಲಾಲಾ ಅನ್ನುವ ಮೊದಲ ಪ್ರಶ್ನೆಯನ್ನು ಬೇಕೆಂದೇ ಹಿಂದಕ್ಕಿಟ್ಟೆವು, ಲೆಕ್ಕ ಗೊತ್ತಾದ ಮೇಲೆ ಹುಕುಂ ಸುಲಭವಾಗಿ ಅರ್ಥ ಆಗ್ತದೆ ಅಂತ. ಬಡ್ಡಿ ಕಟ್ಟುವುದು, ಅಂದರೆ ಬಿಲ್ಲು ಉಳಿಸಿಕೊಂಡು ಮಿನಿಮಮ್ ಕಟ್ಟುತ್ತಾ ಹೋಗುವುದು, ಇದರಲ್ಲಿ ಉಲಮಾಗಳ ನಡುವೆ ಭಿನ್ನಾಭಿಪ್ರಾಯವೇ ಇಲ್ಲ. ಅದು ರಿಬಾ. ಪ್ರತಿ ತಿಂಗಳು ಪೂರ್ತಿ ಕಟ್ಟಿ, ಒಂದು ರೂಪಾಯಿ ಬಡ್ಡಿಯನ್ನೂ ಕೊಡದವನ ವಿಷಯದಲ್ಲಿ ಎರಡು ಮಾತುಂಟು. 2000ದ ಸೆಪ್ಟೆಂಬರಿನಲ್ಲಿ ರಿಯಾದ್‌ನಲ್ಲಿ ಸೇರಿದ್ದ ಅಂತಾರಾಷ್ಟ್ರೀಯ ಇಸ್ಲಾಮಿಕ್ ಫಿಕ್ಹ್ ಅಕಾಡೆಮಿ ತನ್ನ 108ನೇ ನಿರ್ಣಯದಲ್ಲಿ ಇದನ್ನು ಚರ್ಚಿಸಿದೆ. ಬಡ್ಡಿಯ ಷರತ್ತು ಒಳಗಿರುವ ಕಾರ್ಡನ್ನು ಅವಧಿಯೊಳಗೆ ಕಟ್ಟುವ ಇರಾದೆ ಇದ್ದರೂ ತೆಗೆಯಬಾರದು ಅಂತ ಅದು ಹೇಳಿತು. ತಡವಾದರೆ ಬಡ್ಡಿ ಕೊಡ್ತೇನೆ ಅಂತ ಸಹಿ ಹಾಕುವುದೇ ಸರಿಯಲ್ಲ ಅನ್ನುವುದು ಅದರ ವಾದ. ಬಡ್ಡಿ ಷರತ್ತಿಲ್ಲದ ಕಾರ್ಡಿಗೆ, ಸೇವೆಗೆ ತಕ್ಕ ನಿಗದಿತ ಶುಲ್ಕಕ್ಕೆ, ಅಂಗಡಿಯವರಿಂದ ಬ್ಯಾಂಕು ಪಡೆಯುವ ಕಮಿಷನ್ನಿಗೆ ಅದು ಅಡ್ಡಿ ಹೇಳಲಿಲ್ಲ. ಅಗತ್ಯ ಇರುವವನು ಬಡ್ಡಿ ಬೀಳದ ಹಾಗೆ ಪಕ್ಕಾ ವ್ಯವಸ್ಥೆ ಮಾಡಿಕೊಂಡು ಬಳಸಬಹುದು ಅಂತ ಹೇಳಿದ ಮುಫ್ತಿಗಳೂ ಇದ್ದಾರೆ.

ಇದರಲ್ಲಿ ನಾವು ಫತ್ವಾ ಕೊಡುವವರಲ್ಲ, ನಿಮ್ಮ ಖತೀಬರನ್ನು ಕೇಳಿ. ನಮ್ಮ ಅಭಿಪ್ರಾಯ ಇಷ್ಟೇ: ಡೆಬಿಟ್ ಕಾರ್ಡು ಮತ್ತು ಯುಪಿಐಯಿಂದ ಆಗುವ ಕೆಲಸಕ್ಕೆ ಕ್ರೆಡಿಟ್ ಕಾರ್ಡಿನ ಅಗತ್ಯ ಉಂಟು ಅಂತ ಹೇಳಲಾಗುವುದಿಲ್ಲ. ಚಹಾ ಅಂಗಡಿ, ತರಕಾರಿ, ಬಸ್ಸು, ಬೇಕರಿಯ ಮೈದಾ ಸಕ್ಕರೆ, ಇವೆಲ್ಲ ನಮ್ಮದೇ ಖಾತೆಯ ದುಡ್ಡಿನಿಂದ ಆಗ್ತದೆ. 2022ರಿಂದ ರೂಪೇ ಕ್ರೆಡಿಟ್ ಕಾರ್ಡನ್ನು ಯುಪಿಐಗೆ ಜೋಡಿಸುವ ವ್ಯವಸ್ಥೆ ಬಂದಿದೆ. ಹಾಗೆ ಜೋಡಿಸಿದರೆ ಹತ್ತು ರೂಪಾಯಿ ಚಹಾವೂ ಸಾಲವೇ. ಸ್ಕ್ಯಾನ್ ಮಾಡುವಾಗ ಖಾತೆಯ ದುಡ್ಡಾ ಸಾಲದ ದುಡ್ಡಾ ಅಂತ ಬೆರಳಿಗೆ ಗೊತ್ತಾಗುವುದಿಲ್ಲ, ತಿಂಗಳ ಕೊನೆಗೆ ಬಿಲ್ಲು ನೋಡಿದಾಗ ಗೊತ್ತಾಗ್ತದೆ. ನಮ್ಮ ಹುಡುಗರಿಗೆ ಇದನ್ನು ಬಿಡಿಸಿ ಹೇಳಬೇಕು.

ಇಷ್ಟು ಹೇಳಿದ ಮೇಲೂ ತೆಗೆಯುವವರು ತೆಗೆಯುತ್ತಾರೆ. ಸಂಬಳದ ಕೆಲಸ ಇದ್ದು, ವಿಮಾನ ಟಿಕೆಟ್ಟು, ಹೋಟೆಲ್ ಬುಕ್ಕಿಂಗು ಅಂತ ಬೇಕಾಗುವವರೂ ಇರಬಹುದು. ಅವರು ಒಂದೇ ಕಾರ್ಡು ಇಟ್ಟುಕೊಳ್ಳಲಿ. ಕ್ಯಾಶ್‌ಬ್ಯಾಕು, ಪಾಯಿಂಟು, ಲೌಂಜು ಅಂತ ಜಾಹೀರಾತು ನೋಡಿ ಆರಿಸುವುದು ಬೇಡ, ಚಳ್ಳಕೆರೆ ಬಸ್‌ಸ್ಟ್ಯಾಂಡಿನಲ್ಲಿ ಯಾವ ಲೌಂಜು? ವಾರ್ಷಿಕ ಶುಲ್ಕ ಎಷ್ಟು, ಎರಡನೇ ವರ್ಷವೂ ಉಚಿತವೇ, ತಡವಾದರೆ ದಂಡ ಎಷ್ಟು ಅಂತ ನೋಡಿ ಆರಿಸಲಿ. ಲಿಮಿಟ್ ನಿಮ್ಮ ಒಂದು ತಿಂಗಳ ಆದಾಯದ ಅರ್ಧಕ್ಕಿಂತ ಮೇಲಿರುವುದು ಬೇಡ. ಬ್ಯಾಂಕು ಜಾಸ್ತಿ ಕೊಟ್ಟರೂ ಕಡಿಮೆ ಮಾಡಿ ಅಂತ ಕೇಳಬಹುದು. ಖಾತೆಯಿಂದ ತಾನಾಗಿಯೇ ಬಿಲ್ಲು ಹೋಗುವ ಆಟೊ ಡೆಬಿಟ್ ಹಾಕುವಾಗ ಎರಡು ಆಯ್ಕೆ ಕೊಡುತ್ತಾರೆ, ಪೂರ್ತಿ ಬಾಕಿ ಅಥವಾ ಮಿನಿಮಮ್. ಪೂರ್ತಿ ಬಾಕಿ ಅಂತಲೇ ಹಾಕಬೇಕು. ಮಿನಿಮಮ್ ಹಾಕಿಟ್ಟು ಎಲ್ಲ ಸರಿಯಾಗಿ ಹೋಗ್ತಾ ಉಂಟು ಅಂತ ನಿಶ್ಚಿಂತೆಯಿಂದ ಇರುವವರನ್ನು ನೋಡಿದ್ದೇವೆ.

ಕಾರ್ಡ್ ತೆಗೆದರೆ ಸಿಬಿಲ್ ಸ್ಕೋರು ಬೆಳೀತದೆ, ನಾಳೆ ಮನೆ ಸಾಲ ಸಿಗ್ತದೆ ಅನ್ನುವುದು ಏಜೆಂಟರ ದೊಡ್ಡ ಮಾತು. 300ರಿಂದ 900ರವರೆಗಿನ ಈ ಅಂಕಿ ಸರಿಯಾಗಿ ಕಟ್ಟಿದರೆ ಏರ್ತದೆ, ತಪ್ಪಿದರೆ ಇಳೀತದೆ. ದುಡ್ಡು ಬರುವ ದಿನ ಗೊತ್ತಿಲ್ಲದವನಿಗೆ ಇಳಿಯುವ ಸಾಧ್ಯತೆಯೇ ಹೆಚ್ಚು. ಬಡ್ಡಿಯ ಸಾಲ ಪಡೆಯಲು ಯೋಗ್ಯತೆ ಬೆಳೆಸಿಕೊಳ್ಳುವುದಕ್ಕೆ ಇನ್ನೊಂದು ಬಡ್ಡಿಯ ಕಾಗದಕ್ಕೆ ಸಹಿ ಹಾಕಿ ಅಂತ ನಾವಂತೂ ಯಾರಿಗೂ ಹೇಳುವುದಿಲ್ಲ.

ಈಗಾಗಲೇ ಕಾರ್ಡು ಇರುವವರಿಗೆ ಗೊತ್ತಿರಬೇಕಾದ ಕೆಲವು ಹಕ್ಕುಗಳಿವೆ. ರಿಸರ್ವ್ ಬ್ಯಾಂಕು 2022ರಲ್ಲಿ ತಂದ ನಿಯಮದ ಪ್ರಕಾರ ಕೇಳದೆ ಕಾರ್ಡು ಕೊಡುವ ಹಾಗಿಲ್ಲ. ಕೇಳದೆ ಕೊಟ್ಟು ಬಿಲ್ಲೂ ಹಾಕಿದರೆ ಆ ಹಣವನ್ನು ತೆಗೆದುಹಾಕಿ, ಅದರ ಎರಡು ಪಟ್ಟು ದಂಡವನ್ನು ಗ್ರಾಹಕನಿಗೆ ಕೊಡಬೇಕು. ನೀವು ಒಪ್ಪದೆ ಲಿಮಿಟ್ ಏರಿಸುವ ಹಾಗಿಲ್ಲ. ಮನೆಗೆ ಬಂದ ಕಾರ್ಡನ್ನು 30 ದಿನ ಚಾಲೂ ಮಾಡದಿದ್ದರೆ ಬ್ಯಾಂಕು ಒಟಿಪಿ ಮೂಲಕ ನಿಮ್ಮ ಒಪ್ಪಿಗೆ ಕೇಳಬೇಕು, ಒಪ್ಪಿಗೆ ಕೊಡದಿದ್ದರೆ ಖರ್ಚಿಲ್ಲದೆ ಮುಚ್ಚಬೇಕು. ಬಾಕಿ ಇಲ್ಲದವನು ಕಾರ್ಡು ಬಂದ್ ಮಾಡಿ ಅಂತ ಬರೆದುಕೊಟ್ಟರೆ 7 ಕೆಲಸದ ದಿನದೊಳಗೆ ಮಾಡಬೇಕು. ತಡವಾದರೆ ದಿನಕ್ಕೆ 500 ರೂಪಾಯಿಯಂತೆ ಬ್ಯಾಂಕೇ ನಿಮಗೆ ಕೊಡಬೇಕು. ಕತ್ತರಿಯಿಂದ ಕತ್ತರಿಸಿ ಕಸಕ್ಕೆ ಹಾಕಿದರೆ ಕಾರ್ಡು ಬಂದ್ ಆಗುವುದಿಲ್ಲ, ವಾರ್ಷಿಕ ಶುಲ್ಕ ಬೀಳ್ತಾನೇ ಇರ್ತದೆ. ಇದು ತುಂಬ ಜನರಿಗೆ ಗೊತ್ತಿಲ್ಲ.

ವಸೂಲಿಗೆ ಫೋನ್ ಮಾಡುವವರು ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಮಾಡಬಾರದು. ಹೆಂಡತಿ ಮಕ್ಕಳಿಗೆ, ನೆರೆಯವರಿಗೆ ಫೋನ್ ಮಾಡಿ ಮಾನ ಕಳೆಯುವ ಹಾಗೂ ಇಲ್ಲ. ಮೊದಲು ಬ್ಯಾಂಕಿಗೆ ಬರವಣಿಗೆಯಲ್ಲಿ ದೂರು ಕೊಡಿ, 30 ದಿನದಲ್ಲಿ ಉತ್ತರ ಬರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಇದ್ದಾರೆ, ಮಾಹಿತಿಗೆ ಫೋನ್ 14448. ಒಟಿಪಿ ಕೇಳಿ ಯಾರಾದರೂ ದುಡ್ಡು ಹೊಡೆದರೆ ಕೂಡಲೇ 1930ಕ್ಕೆ ಫೋನ್ ಮಾಡಬೇಕು, ಜೊತೆಗೆ ಬ್ಯಾಂಕಿಗೂ ಹೇಳಬೇಕು. ಮರ್ಯಾದೆಗೆ ಅಂಜಿ ಎರಡು ದಿನ ಮುಚ್ಚಿಟ್ಟರೆ ದುಡ್ಡು ಕೈ ಬಿಟ್ಟ ಹಾಗೆಯೇ.

ಈಗಾಗಲೇ ಬಾಕಿಯಲ್ಲಿ ಸಿಕ್ಕಿಬಿದ್ದವರು ಮೊದಲು ಕಾರ್ಡ್ ಉಜ್ಜುವುದನ್ನು ನಿಲ್ಲಿಸಬೇಕು. ಮನೆಯಲ್ಲಿ ಮಾರಬಹುದಾದ ಬಂಗಾರವೋ, ನಿಂತಿರುವ ಹಳೇ ಬೈಕೋ ಇದ್ದರೆ ಮಾರಿ ಒಮ್ಮೆಲೇ ಅಸಲು ಇಳಿಸುವುದು ಶೇ. 42ರ ಬಡ್ಡಿಗಿಂತ ಮೇಲು. ಬ್ಯಾಂಕಿನ ಹತ್ತಿರ ಕುಳಿತು ಮಾತಾಡಿದರೆ ಕಂತು ಮಾಡಿಕೊಡುತ್ತಾರೆ. ಸೆಟ್ಲ್‌ಮೆಂಟ್ ಅಂತ ಕಡಿಮೆಗೆ ಮುಗಿಸುವುದೂ ಉಂಟು, ಅದು ಸಿಬಿಲ್‌ನಲ್ಲಿ ಕಪ್ಪು ಗುರುತಾಗಿ ನಿಲ್ಲುತ್ತದೆ ಅಂತ ಗೊತ್ತಿದ್ದು ಮಾಡಿಕೊಳ್ಳಬೇಕು.

ಮುಖ್ಯವಾಗಿ ಮನೆಯವರಿಗೆ ಹೇಳಬೇಕು. ಕುರ್‌ಆನಿನ ಅತ್ಯಂತ ಉದ್ದದ ಆಯತ್ತು, ಅಲ್ ಬಖರದ 282ನೆಯದು, ಇರುವುದು ಸಾಲವನ್ನು ಬರೆದಿಡುವ ವಿಷಯದಲ್ಲಿ. ನಮ್ಮ ಮನೆಗಳಲ್ಲಿ ಕಾರ್ಡಿನ ಸಾಲ ಯಾವ ಪುಸ್ತಕದಲ್ಲೂ ಇರುವುದಿಲ್ಲ, ಗಂಡನ ಮೊಬೈಲಿನಲ್ಲಿ ಮಾತ್ರ ಇರ್ತದೆ. ಅದಕ್ಕೊಂದು ಪಾಸ್‌ವರ್ಡ್ ಬೇರೆ. ಮೂರು ದೀನಾರ್ ಸಾಲ ಬಿಟ್ಟು ತೀರಿಕೊಂಡವನ ಜನಾಝಾ ಬಂದಾಗ ಪ್ರವಾದಿ (ಸ.ಅ.) ತಾವು ನಮಾಝಿಗೆ ನಿಲ್ಲದೆ ನಿಮ್ಮ ಸಂಗಾತಿಯ ನಮಾಝ್ ನೀವೇ ಮಾಡಿ ಎಂದದ್ದು, ಅಬೂ ಖತಾದಾ ಆ ಸಾಲ ನನ್ನ ಮೇಲಿರಲಿ ಅಂದ ಮೇಲೆಯೇ ನಿಂತದ್ದು ನಾವು ಮಕ್ಕಳಿಗೆ ಕಲಿಸುವ ಪಾಠ. ಸತ್ತವನ ಆಸ್ತಿಯಲ್ಲಿ ಪಾಲು ಮಾಡುವ ಮೊದಲು ಸಾಲ ತೀರಬೇಕು. ಎಷ್ಟು ಸಾಲ ಅಂತಲೇ ಗೊತ್ತಿಲ್ಲದ ಹೆಂಡತಿ ಏನನ್ನು ತೀರಿಸ್ತಾಳೆ? ಒಂದು ನೋಟ್‌ಬುಕ್ಕಿನಲ್ಲಿ ಯಾವ ಬ್ಯಾಂಕು, ಎಷ್ಟು ಬಾಕಿ, ಯಾವ ತಾರೀಕು ಅಂತ ಬರೆದು ಮನೆಯಲ್ಲಿಡಿ. ಪಿನ್ ನಂಬರ್ ಮಾತ್ರ ಬರೆಯಬೇಡಿ.

ಇಲ್ಲಿ ಜಮಾಅತಿನವರಿಗೂ ಒಂದು ಮಾತು ಹೇಳಬೇಕು. ಕಾರ್ಡ್ ಬೇಡ, ಬಡ್ಡಿ ಹರಾಂ ಅಂತ ಖುತ್ಬಾದಲ್ಲಿ ಹೇಳಿ ಇಳಿದುಬಿಟ್ಟರೆ ಮಗನಿಗೆ ಡೆಂಗಿ ಬಂದು ಆಸ್ಪತ್ರೆಯಲ್ಲಿ 20,000 ಡೆಪಾಸಿಟ್ ಕೇಳಿದಾಗ ಆ ಹಮಾಲಿ ಎಲ್ಲಿಗೆ ಹೋಗಬೇಕು? ಅವನ ಜೇಬಿನಲ್ಲಿ ಇರುವುದು ಆ ಕಾರ್ಡು ಮಾತ್ರ. ಹತ್ತು ಜನ ಸೇರಿ ತಿಂಗಳಿಗೆ 500 ಹಾಕಿದರೆ ವರ್ಷಕ್ಕೆ 60,000 ಆಗ್ತದೆ. ಮೂವತ್ತು ಜನ ಹಾಕಿದರೆ 1,80,000. ಒಂದು ಸಣ್ಣ ಪಟ್ಟಣದ ಮಸೀದಿಗೆ ಬಡ್ಡಿ ಇಲ್ಲದ ಸಾಲದ ನಿಧಿ ಶುರು ಮಾಡಲು ಇಷ್ಟು ಸಾಕು. ಇಬ್ಬರ ಜಾಮೀನು ಇರಲಿ. ಮರಳಿ ಕೊಡುವ ದಿನವನ್ನು ಅವನವನ ದುಡಿಮೆ ನೋಡಿ ಇಡಲಿ, ಬೇಕರಿಯವನಿಗೆ ವಾರದ ಕಂತು, ನೇಕಾರನಿಗೆ ಸೀರೆ ಇಳಿದಾಗ, ಶೇಂಗಾದವನಿಗೆ ಬೆಳೆ ಮಾರಿದ ಮೇಲೆ. ಲೆಕ್ಕ ಪ್ರತಿ ಮೂರು ತಿಂಗಳಿಗೆ ನೋಟಿಸ್ ಬೋರ್ಡಿಗೆ ಬರಲಿ. ಸಾಲ ತೆಗೆದವರ ಹೆಸರು ಬೋರ್ಡಿಗೆ ಬೇಡ, ಮೊತ್ತ ಮಾತ್ರ ಸಾಕು. ಅಧ್ಯಕ್ಷರ ಭಾವನೇ ಕೇಳಿದರೂ ಬರೆದುಕೊಂಡೇ ಕೊಡಲಿ.